‘ಅರ್ಥ ಖಚಿತವಿಲ್ಲ’ ಎಂದ ವರದಿ

ಮಗಳು ಹುಟ್ಟಿ ಎಂಟು ವಾರವಾಗಿತ್ತು. ಹಾಲುಣಿಸಿ, ಅವಳನ್ನು ಮಲಗಿಸಿ, ನಾನೂ ಕಣ್ಣು ಮುಚ್ಚಿ ಹೆಚ್ಚು ಹೊತ್ತಾಗಿರಲಿಲ್ಲ. ದಿಂಬಿನ ಪಕ್ಕದಲ್ಲಿದ್ದ ಫೋನ್ ಒಮ್ಮೆಲೇ ರಿಂಗಣಿಸಿತು. ಬೆಚ್ಚಿಬಿದ್ದು ಎದ್ದು ಕೂತದ್ದು ನೆನಪಿದೆ. ಎದೆಯೊಳಗೆ ಏನೋ ತಪತಪನೆ ಹೊಡೆದುಕೊಂಡದ್ದು ನೆನಪಿದೆ. ಅದರಾಚೆ ಏನೂ ಇಲ್ಲ.

ಉಳಿದದ್ದನ್ನು ಹೇಳಿದವರು ನನ್ನ ಗಂಡ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತಂತೆ, ಕೈಕಾಲು ಸೆಟೆದು ಅದುರುತ್ತಿದ್ದವಂತೆ, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತಂತೆ. ಒಂದು ನಿಮಿಷವೂ ಆಗಿರಲಿಲ್ಲ, ನಾನು ಕಣ್ಣು ಬಿಟ್ಟು ಸ್ಪಷ್ಟ ದನಿಯಲ್ಲಿ, “ಫೋನ್ ಮಾಡಿದ್ದು ಯಾರು?” ಎಂದು ಕೇಳಿದೆನಂತೆ. ಆ ಪ್ರಶ್ನೆಯಲ್ಲೇ ರೋಗದ ಸುಳಿವು ಇತ್ತು. ಅದನ್ನು ಗುರುತಿಸುವವರು ಸಿಗಲು ಆರು ವರ್ಷ ಬೇಕಾಯಿತು.

ಮರುದಿನ ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಕೈಕಾಲು ಅದುರಿದ್ದರ ಬಗ್ಗೆ. ಅದಕ್ಕೆ ಮುಂಚೆ ಏನಾಗಿತ್ತು, ಅದಾದ ಮೇಲೆ ಹೇಗಿದ್ದೆ ಎಂದು ಯಾರೂ ಕೇಳಲಿಲ್ಲ. ಮಿದುಳಿನ ಸ್ಕ್ಯಾನ್ ಸರಿಯಾಗಿತ್ತು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಖಚಿತವಾಗಿ ಏನೂ ಸಿಗಲಿಲ್ಲ. ಆದರೂ ಚೀಟಿಯಲ್ಲಿ ಮೂರ್ಛೆರೋಗ ಎಂದು ಬರೆದರು, ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಳ್ಳುತ್ತಿದ್ದಾಗಲೇ ಮತ್ತೆರಡು ಸಲ ಬಿದ್ದೆ. ಒಮ್ಮೆ ಬೆಳಗಿನ ಅಲಾರಂ ಹೊಡೆದುಕೊಂಡಾಗ, ಇನ್ನೊಮ್ಮೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಬಾಗಿಲ ಗಂಟೆ ಕೇಳಿ. ಪ್ರತಿ ಸಲವೂ ಮಾತ್ರೆಯ ಪ್ರಮಾಣ ಏರಿಸಿದರು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆ ಆರು ವರ್ಷಗಳನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. ಒಬ್ಬರಾದರೂ ಹೃದಯದ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಕೊನೆಗೆ ಕಣ್ಣು ಹಾಯಿಸಿದವರು ಅರಿವಳಿಕೆ ತಜ್ಞರು. ಸಣ್ಣದೊಂದು ಶಸ್ತ್ರಚಿಕಿತ್ಸೆಗಾಗಿ ದಾಖಲಾಗಿದ್ದೆ. ಹಿಂದಿನ ಸಂಜೆ ಅವರು ನನ್ನ ಇಸಿಜಿ ಹಿಡಿದು ಹಾಸಿಗೆಯ ಪಕ್ಕ ಬಂದು ಕೂತರು. ಹಾಳೆಯ ತಲೆಯಲ್ಲಿ ಯಂತ್ರವೇ ‘ಸಾಮಾನ್ಯ’ ಎಂದು ಮುದ್ರಿಸಿತ್ತು. ಅವರು ಅದನ್ನು ಓದಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಚೌಕಗಳನ್ನು ಎಣಿಸತೊಡಗಿದರು.

ಆ ಗುಲಾಬಿ ಹಾಳೆಯನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದ್ದು ಆಗ. ಹಾಳೆ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾಗಿ ಒಂದೊಂದು ಸಣ್ಣ ಚೌಕವೂ 40 ಮಿಲಿಸೆಕೆಂಡ್. ಒಂದು ಬಡಿತದ ಮೊನೆಯಿಂದ ಮುಂದಿನದರ ಮೊನೆಗೆ 20 ಚೌಕ, ಅಂದರೆ 0.8 ಸೆಕೆಂಡ್. ಬಡಿತ ಶುರುವಾಗುವ ಜಾಗದಿಂದ, ಅದರ ಹಿಂದೆ ಬರುವ ಟಿ ಎಂಬ ದುಂಡನೆಯ ಅಲೆ ಮುಗಿಯುವವರೆಗೆ 11 ಚೌಕ, ಅಂದರೆ 440 ಮಿಲಿಸೆಕೆಂಡ್. ಇದಕ್ಕೆ ಕ್ಯೂಟಿ ಅವಧಿ ಎನ್ನುತ್ತಾರೆ. ಬಡಿತ ಚುರುಕಾದಷ್ಟೂ ಈ ಅವಧಿ ತಾನಾಗಿ ಕಿರಿದಾಗುವುದರಿಂದ ಅದನ್ನು ಬಡಿತದ ವೇಗಕ್ಕೆ ಸರಿಹೊಂದಿಸಬೇಕು. 1920ರಲ್ಲಿ ಹೆನ್ರಿ ಬಾಜೆಟ್ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: ಎರಡು ಬಡಿತಗಳ ನಡುವಿನ ಕಾಲದ ವರ್ಗಮೂಲದಿಂದ ಭಾಗಿಸುವುದು. ಹಾಳೆಯ ಅಂಚಿನಲ್ಲೇ ಲೆಕ್ಕ ಮಾಡಿ, 492 ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಹೆಂಗಸರಲ್ಲಿ 460 ದಾಟಿದರೆ ಸಂಶಯ, 480 ದಾಟಿದರೆ ಗಂಭೀರ ಎಂದರು.

“ಈ ಟಿ ಅಲೆ ನೋಡಿ,” ಎಂದು ಪೆನ್ಸಿಲ್ ಮೊನೆ ಇಟ್ಟು ತೋರಿಸಿದರು. ಒಂದೇ ಗುಡ್ಡದಂತೆ ಎದ್ದು ಇಳಿಯಬೇಕಾದದ್ದು ತಗ್ಗಾಗಿ, ನಡುವೆ ಕಚ್ಚಾಗಿ, ಒಂಟೆಯ ಬೆನ್ನಿನಂತೆ ಎರಡು ಉಬ್ಬಾಗಿತ್ತು. ಯಂತ್ರ ಮೊದಲ ಉಬ್ಬಿಗೇ ಅಲೆ ಮುಗಿಯಿತೆಂದು ತಿಳಿದು ಅಲ್ಲಿಗೇ ಅಳತೆ ನಿಲ್ಲಿಸಿತ್ತು.

ಆಮೇಲೆ ಅವರು ಕೇಳಿದ ಪ್ರಶ್ನೆ ಇದು: “ನೀವು ಎಚ್ಚರ ತಪ್ಪಿದ್ದು ಯಾವಾಗಲಾದರೂ ಫೋನಿಗೋ ಅಲಾರಮಿಗೋ ಬೆಚ್ಚಿಬಿದ್ದಾಗ ಇರಬಹುದೇ?”

ನಾನು ಅತ್ತುಬಿಟ್ಟೆ. ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು. ಎಚ್ಚರವಾದ ಮೇಲೆ ಮಂಕು ಕವಿದಿತ್ತೇ ಎಂದೂ ಕೇಳಿದರು. ಇಲ್ಲ, ಕೂಡಲೇ ಮಾತಾಡಿದೆ ಎಂದೆ. ಮಿದುಳಿನಿಂದ ಬರುವ ದೊಡ್ಡ ಮೂರ್ಛೆಯ ನಂತರ ಸಾಮಾನ್ಯವಾಗಿ ಬಹಳ ಹೊತ್ತು ಗೊಂದಲ, ನಿದ್ದೆ ಇರುತ್ತವೆ. ಹೃದಯ ತಪ್ಪಿ ನಡೆದು ಮಿದುಳಿಗೆ ರಕ್ತ ನಿಂತಾಗಲೂ ಕೈಕಾಲು ಅದುರುತ್ತವೆ, ಆದರೆ ಲಯ ಸರಿಹೋದ ಕ್ಷಣವೇ ಮನುಷ್ಯ ಎಚ್ಚರಾಗುತ್ತಾನೆ. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ವಾಂತಿ ತಡೆಯಲು ಮಾಮೂಲಾಗಿ ಕೊಡುವ ಒಂಡಾನ್ಸೆಟ್ರಾನ್ ಔಷಧವೇ ನನ್ನಂಥವರಿಗೆ ಅಪಾಯಕಾರಿ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮರುದಿನ ಬೆಳಿಗ್ಗೆ ಅದು ನನ್ನ ರಕ್ತನಾಳಕ್ಕೆ ಹೋಗಬೇಕಿತ್ತು.

ಹೃದಯದ ಲಯದ ತಜ್ಞೆಯ ಬಳಿ ಹೋದಾಗ ಅವರು ತರಾತುರಿ ಮಾಡಲಿಲ್ಲ. ಮತ್ತೆರಡು ಇಸಿಜಿ ತೆಗೆಸಿದರು. ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿದರು. ಮಲಗಿದ್ದವಳನ್ನು ಥಟ್ಟನೆ ಎದ್ದು ನಿಲ್ಲಿಸಿ ಇಸಿಜಿ ತೆಗೆದರು. ನಿಂತಾಗ ಬಡಿತ ಏರಿದರೂ ಕ್ಯೂಟಿ ತಕ್ಕಂತೆ ಕಿರಿದಾಗಲಿಲ್ಲ. ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂದು ಹೆಸರಿಟ್ಟು, ಹೃದಯದ ಮೇಲೆ ಅಡ್ರಿನಲಿನ್‌ನ ಪ್ರಭಾವ ತಡೆಯುವ ನಾಡೋಲಾಲ್ ಎಂಬ ಬೀಟಾ ಬ್ಲಾಕರ್ ಔಷಧ ಶುರುಮಾಡಿದರು. ನರರೋಗ ತಜ್ಞರು ಮೂರ್ಛೆಯ ಮಾತ್ರೆಯನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಿ ನಿಲ್ಲಿಸಿದರು.

ಅಂದು ಹೃದಯದ ತಜ್ಞೆ ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಹೃದಯದ ಪ್ರತಿ ಜೀವಕೋಶವೂ ಒಂದು ಬಡಿತ ಮುಗಿದ ಮೇಲೆ ಮುಂದಿನದಕ್ಕೆ ಸಜ್ಜಾಗಬೇಕು. ಅದಕ್ಕಾಗಿ ಕೋಶದೊಳಗಿನ ಪೊಟ್ಯಾಸಿಯಂ ಸಣ್ಣ ಸಣ್ಣ ಕಾಲುವೆಗಳ ಮೂಲಕ ಹೊರಹೋಗಬೇಕು. ಕಾಲುವೆಗಳು ಕಡಿಮೆಯಿದ್ದರೆ ಅಥವಾ ಕೆಟ್ಟಿದ್ದರೆ ಸಜ್ಜಾಗುವುದು ತಡವಾಗುತ್ತದೆ. ಆ ತಡವೇ ಹಾಳೆಯ ಮೇಲೆ ಉದ್ದನೆಯ ಕ್ಯೂಟಿಯಾಗಿ ಕಾಣುವುದು. ಇನ್ನೂ ಸಜ್ಜಾಗದ ಹೊತ್ತಿನಲ್ಲಿ ಒಂದು ಅಕಾಲಿಕ ಬಡಿತ ಬಂದು ಬಿದ್ದರೆ ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಹದ ತಪ್ಪಿ ಓಡತೊಡಗುತ್ತವೆ. ಇಸಿಜಿಯಲ್ಲಿ ಆಗ ಮೊನೆಗಳು ಗೆರೆಯ ಸುತ್ತ ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತವೆ. 1966ರಲ್ಲಿ ಫ್ರಾನ್ಸಿನ ದೆಸೆರ್ತೆನ್ ಇದಕ್ಕೆ ಟೊರ್ಸಾದ್ ದ ಪ್ವಾಂತ್, ಅಂದರೆ ಮೊನೆಗಳ ತಿರುಚು ಎಂದು ಹೆಸರಿಟ್ಟರು. ಹೆಚ್ಚಿನ ಸಲ ಅದು ತಾನಾಗಿ ನಿಲ್ಲುತ್ತದೆ, ಬಿದ್ದವರು ಏಳುತ್ತಾರೆ. ನಿಲ್ಲದಿದ್ದರೆ ಏಳುವುದಿಲ್ಲ.

“ಇದು ಸುಮಾರು ಎರಡು ಸಾವಿರಕ್ಕೆ ಒಬ್ಬರಲ್ಲಿ ಇರುತ್ತದೆ. ಮನೆತನದಲ್ಲಿ ಬರುವಂಥದ್ದು. ಜೀನ್ ಪರೀಕ್ಷೆ ಮಾಡಿಸೋಣ, ಆದರೆ ಅದಕ್ಕೂ ಮೊದಲು ನಿಮ್ಮ ಮನೆಯವರ ಕಥೆ ಬೇಕು,” ಎಂದರು ತಜ್ಞೆ.

ಆ ಕಥೆ ಕೇಳಲೆಂದೇ ಒಬ್ಬ ಜೀನ್ ಸಲಹೆಗಾರ್ತಿ ಇದ್ದರು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಸಲಹೆಗಾರ್ತಿ ದೊಡ್ಡ ಬಿಳಿ ಹಾಳೆ ಹರಡಿ ವಂಶವೃಕ್ಷ ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಓರೆಗೆರೆ. ಅವರ ಪ್ರಶ್ನೆಗಳು ನಾನು ಎಣಿಸಿದಂತೆ ಇರಲಿಲ್ಲ. ಹೃದಯದ ಕಾಯಿಲೆ ಯಾರಿಗಿತ್ತು ಎಂದು ಕೇಳಿ ಸುಮ್ಮನಾಗಲಿಲ್ಲ. ಈಜು ಬಲ್ಲವರು ಯಾರಾದರೂ ಮುಳುಗಿ ಸತ್ತಿದ್ದಾರೆಯೇ, ಒಂಟಿಯಾಗಿ ವಾಹನ ಓಡಿಸುತ್ತಿದ್ದವರು ಕಾರಣವಿಲ್ಲದೆ ರಸ್ತೆ ಬಿಟ್ಟು ಹೋಗಿದ್ದಾರೆಯೇ, ತೊಟ್ಟಿಲಲ್ಲೇ ಹೋದ ಕೂಸುಗಳಿವೆಯೇ, ಹುಟ್ಟಿನಿಂದ ಕಿವಿ ಕೇಳದವರಿದ್ದಾರೆಯೇ, ಮೂರ್ಛೆಯೆಂದು ಮಾತ್ರೆ ನುಂಗಿದವರು ಯಾರು? ಕಿವುಡುತನ ಯಾಕೆ ಎಂದು ಕೇಳಿದೆ. 1957ರಲ್ಲಿ ನಾರ್ವೆಯ ಯರ್ವೆಲ್ ಮತ್ತು ಲಾಂಗೆ ನೀಲ್ಸನ್ ಎಂಬ ವೈದ್ಯರು ಮೊದಲು ವಿವರಿಸಿದ್ದು ಕಿವುಡುತನದ ಜೊತೆಗೇ ಉದ್ದ ಕ್ಯೂಟಿ ಇದ್ದ ಮಕ್ಕಳನ್ನು. ಆ ಬಗೆ ಬರಲು ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕು. ನಮ್ಮಂತೆ ಕಿವಿ ಸರಿಯಿದ್ದು, ಒಬ್ಬರಿಂದ ಬಂದರೂ ಸಾಕಾಗುವ ಬಗೆಯನ್ನು 1963 ಮತ್ತು 1964ರಲ್ಲಿ ರೊಮಾನೊ ಹಾಗೂ ವಾರ್ಡ್ ಬೇರೆಬೇರೆಯಾಗಿ ವರದಿ ಮಾಡಿದರು.

ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಸಣ್ಣವಳಿದ್ದಾಗ ಸಿಡಿಲಿನ ಸದ್ದಿಗೆ ಎರಡು ಸಲ ಬಿದ್ದಿದ್ದೆ. ನಿಶ್ಶಕ್ತಿ ಅಂದರು.” ಮತ್ತೆ ಸುಮ್ಮನಾಗಿ, “ನನ್ನ ಅಣ್ಣ ಇಪ್ಪತ್ತೆರಡಕ್ಕೇ ಹೋದ. ಬೆಳಿಗ್ಗೆ ಅವನ ಕೋಣೆಯಲ್ಲಿ ಅಲಾರಂ ಹೊಡೆದುಕೊಳ್ಳುತ್ತಲೇ ಇತ್ತು. ನಿಲ್ಲಿಸುವುದಿಲ್ಲವಲ್ಲ ಎಂದು ಬೈಯುತ್ತಲೇ ಒಳಗೆ ಹೋದವಳು ನಾನು,” ಎಂದರು.

ನನ್ನ ಸೋದರಮಾವ ಚಿಕ್ಕ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋದರೆಂದು ಮಾತ್ರ ಗೊತ್ತಿತ್ತು. ಅಲಾರಮಿನ ಸಂಗತಿಯನ್ನು ಅಮ್ಮ ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಸಲಹೆಗಾರ್ತಿ ಆ ಚೌಕಕ್ಕೆ ಓರೆಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಸೋದರಮಾವನ ರಕ್ತದ ಮಾದರಿ ಎಲ್ಲಿಯೂ ಉಳಿದಿಲ್ಲ. ಆ ಚಿಹ್ನೆ ಹಾಗೆಯೇ ಉಳಿಯುತ್ತದೆ.

ಪರೀಕ್ಷೆಗೆ ಕೊಟ್ಟದ್ದು ನೇರಳೆ ಮುಚ್ಚಳದ ಒಂದು ಸಣ್ಣ ಕೊಳವೆಯಷ್ಟು ರಕ್ತ. ಅದಕ್ಕೆ ಮುನ್ನ ಸುಮಾರು ಒಂದು ಗಂಟೆ ಮಾತು. ಏನೂ ಸಿಗದೆ ಹೋಗಬಹುದು, ಯಾಕೆಂದರೆ ರೋಗ ಖಚಿತವಾಗಿರುವವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಜೀನ್ ಸಿಗುವುದಿಲ್ಲ. ಸಿಕ್ಕರೆ ಅದು ನನ್ನೊಬ್ಬಳ ಸುದ್ದಿಯಾಗಿ ಉಳಿಯುವುದಿಲ್ಲ. ಒಡಹುಟ್ಟಿದವರಿಗೆ, ಮಗಳಿಗೆ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ. ಯಾವ ಜೀನ್‌ಗಳನ್ನು ನೋಡುತ್ತೀರಿ ಎಂದು ಕೇಳಿದೆ. ಒಂದು ಕಾಲದಲ್ಲಿ ಈ ರೋಗಕ್ಕೆ 17 ಜೀನ್‌ಗಳ ಹೆಸರು ಹೇಳುತ್ತಿದ್ದರು. 2020ರಲ್ಲಿ ತಜ್ಞರ ಗುಂಪೊಂದು ಸಾಕ್ಷ್ಯಗಳನ್ನೆಲ್ಲ ಮರುಪರಿಶೀಲಿಸಿದಾಗ, ಮಾಮೂಲಿ ಲಾಂಗ್ ಕ್ಯೂಟಿಗೆ ಖಚಿತ ಕಾರಣವೆಂದು ನಿಂತದ್ದು ಮೂರೇ: ಕೆಸಿಎನ್‌ಕ್ಯೂ1, ಕೆಸಿಎನ್‌ಎಚ್2, ಎಸ್‌ಸಿಎನ್5ಎ. ಅರ್ಧಕ್ಕಿಂತ ಹೆಚ್ಚಿನವುಗಳ ಸಾಕ್ಷ್ಯ ತೀರ ದುರ್ಬಲ ಅಥವಾ ವಿವಾದಿತ ಎಂದಾಯಿತು. ಈ ಮೂರೂ ಮನುಷ್ಯರನ್ನು ಬೇರೆಬೇರೆ ಹೊತ್ತಿನಲ್ಲಿ ಹಿಡಿಯುತ್ತವೆ. ಮೊದಲನೆಯದು ಓಡುವಾಗ, ಅದರಲ್ಲೂ ಈಜುವಾಗ. ಎರಡನೆಯದು ಹಠಾತ್ ಸದ್ದಿಗೆ, ಗಾಬರಿಗೆ, ಹೆರಿಗೆಯ ನಂತರದ ತಿಂಗಳುಗಳಲ್ಲಿ. ಮೂರನೆಯದು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ನನ್ನ ಕಥೆ ಕೇಳಿದ ಯಾರಾದರೂ ಎರಡನೆಯದರತ್ತ ಬೆರಳು ತೋರಿಸುತ್ತಿದ್ದರು.

ವರದಿ ಬರಲು ಹಲವು ವಾರ ಹಿಡಿಯಿತು. ಬಂದ ದಿನ ನಾನು ಮೊದಲು ಓದಿದ್ದು ದಪ್ಪಕ್ಷರದ ಸಾಲನ್ನು. ಕೆಸಿಎನ್‌ಎಚ್2 ಜೀನಿನ ಒಂದು ಪ್ರತಿಯಲ್ಲಿ ಒಂದು ಅಕ್ಷರ ಬದಲಾಗಿದೆ. ಅದರಿಂದ ಪೊಟ್ಯಾಸಿಯಂ ಕಾಲುವೆ ಕಟ್ಟುವ ಪ್ರೋಟೀನಿನ 1159 ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದು ಕೊಂಡಿ ಬೇರೆಯಾಗಿದೆ. ಅದರ ಕೆಳಗಿನ ಸಾಲು: ಅರ್ಥ ಖಚಿತವಿಲ್ಲದ ರೂಪಾಂತರ.

ಹೌದು ಎಂದಿದ್ದರೆ ಹೊರಲು ಸಿದ್ಧಳಿದ್ದೆ. ಇಲ್ಲ ಎಂದಿದ್ದರೂ ಸರಿಯೇ. ಇದಕ್ಕೆ ಸಿದ್ಧಳಿರಲಿಲ್ಲ.

“ಮೂರು ಸಲ ಬಿದ್ದಿದ್ದೇನೆ, ಕ್ಯೂಟಿ ಉದ್ದವಿದೆ, ಅದೇ ಜೀನಿನಲ್ಲಿ ತಪ್ಪು ಸಿಕ್ಕಿದೆ. ಇನ್ನೇನು ಖಚಿತವಾಗಬೇಕು?” ಎಂದು ಸಲಹೆಗಾರ್ತಿಯ ಮೇಲೆ ದನಿ ಏರಿಸಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಪ್ರತಿಯೊಬ್ಬರ ಜೀನ್‌ಗಳಲ್ಲೂ ಇಂಥ ಅಕ್ಷರ ವ್ಯತ್ಯಾಸಗಳು ಲಕ್ಷಗಟ್ಟಲೆ ಇರುತ್ತವೆ, ಹೆಚ್ಚಿನವು ಏನೂ ಮಾಡುವುದಿಲ್ಲ. ಇದು ನಿಮ್ಮ ಹೃದಯದ ತಪ್ಪಿತಸ್ಥನೋ, ಸುಮ್ಮನೆ ಅಲ್ಲಿ ನಿಂತಿದ್ದ ದಾರಿಹೋಕನೋ ಹೇಳಲು ಸಾಕ್ಷಿ ಬೇಕು ಎಂದರು. 2015ರಿಂದ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾರ್ಗಸೂಚಿಯಲ್ಲಿ ಐದು ಮೆಟ್ಟಿಲುಗಳಿವೆ: ರೋಗಕಾರಕ, ರೋಗಕಾರಕವಿರುವ ಸಂಭವ, ಅರ್ಥ ಖಚಿತವಿಲ್ಲ, ನಿರುಪದ್ರವಿಯಿರುವ ಸಂಭವ, ನಿರುಪದ್ರವಿ. ನಾನು ನಡುವಿನ ಮೆಟ್ಟಿಲ ಮೇಲಿದ್ದೆ. ಲಕ್ಷಾಂತರ ಜನರ ಜೀನ್ ಮಾಹಿತಿಯ ಸಾರ್ವಜನಿಕ ಭಂಡಾರದಲ್ಲಿ ಈ ಬದಲಾವಣೆ ಯಾರಲ್ಲೂ ಕಂಡಿರಲಿಲ್ಲ, ಅದೊಂದು ಸಾಕ್ಷಿ. ಆದರೆ ಅದೊಂದೇ ಸಾಲದು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಗಳ ವಿಷಯ. ಅವಳಿಗಾಗ ಆರು ವರ್ಷ. ನಾಳೆಯೇ ಅವಳ ರಕ್ತ ತೆಗೆಯಿರಿ ಎಂದೆ. ಸಲಹೆಗಾರ್ತಿ ಒಪ್ಪಲಿಲ್ಲ. ಆ ಅಕ್ಷರದ ಅರ್ಥ ಗೊತ್ತಿಲ್ಲದೆ ಅವಳಲ್ಲಿ ಹುಡುಕಿದರೆ, ಇದ್ದರೂ ಏನು ಹೇಳುವುದು, ಇಲ್ಲದಿದ್ದರೂ ಏನು ಹೇಳುವುದು? ಇಲ್ಲ ಎಂದು ಬಂದರೆ ನಾವು ನೆಮ್ಮದಿಯಿಂದ ಇಸಿಜಿ ಬಿಟ್ಟುಬಿಡುತ್ತೇವೆ. ನಿಜವಾದ ಕಾರಣ ಬೇರೆಲ್ಲೋ ಇದ್ದರೆ ಮಗು ಕಾವಲಿಲ್ಲದೆ ಉಳಿಯುತ್ತದೆ. ಅವಳ ಇಸಿಜಿಯನ್ನು ಮತ್ತೆ ಮತ್ತೆ ನೋಡೋಣ, ಜೀನ್ ಕಾಯಲಿ ಎಂದರು. ಅಂದು ಅವರು ಕಲ್ಲುಮನಸ್ಸಿನವರಂತೆ ಕಂಡರು. ಅವರು ಹೇಳಿದ್ದೇ ಸರಿ ಎಂದು ಈಗ ನಿಸ್ಸಂಶಯವಾಗಿ ಹೇಳುತ್ತೇನೆ. ‘ಅರ್ಥ ಖಚಿತವಿಲ್ಲ’ ಎಂಬ ವರದಿ ಹಿಡಿದು ಮನೆಮಂದಿಗೆಲ್ಲ ನಿನಗಿದೆ, ನಿನಗಿಲ್ಲ ಎಂದು ಹಂಚಿಬಿಡುವುದು ವರದಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಸಾಕ್ಷಿ ಕೂಡಿಸಲು ಮಾತ್ರ ದೊಡ್ಡವರು ಬೇಕಿದ್ದರು. ರೂಪಾಂತರ ಮತ್ತು ಉದ್ದ ಕ್ಯೂಟಿ ಮನೆತನದಲ್ಲಿ ಕೈಹಿಡಿದು ಸಾಗುತ್ತಿವೆಯೇ ಎಂದು ನೋಡಲು ಇರುವವರು, ಇಲ್ಲದವರು ಇಬ್ಬರೂ ಬೇಕು. ಅಮ್ಮ ಕೂಡಲೇ ಒಪ್ಪಿದರು. ಅವರ ಕ್ಯೂಟಿ 474, ರೂಪಾಂತರ ಇತ್ತು. ಅಣ್ಣನ ಇಸಿಜಿ ನೆಟ್ಟಗಿತ್ತು, ರೂಪಾಂತರ ಇರಲಿಲ್ಲ. ಅವನು ನಿಟ್ಟುಸಿರು ಬಿಟ್ಟವನೇ, ನನ್ನ ಮುಖ ನೋಡಿ ತಲೆ ತಗ್ಗಿಸಿದ. “ನಿನಗೇ ಯಾಕೆ ಬಂತೋ,” ಎಂದ. ತಪ್ಪಿಸಿಕೊಂಡವರ ಸಂಕಟ ಎಂಥದ್ದೆಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಕಷ್ಟವಾದದ್ದು ಚಿಕ್ಕಮ್ಮನ ಹತ್ತಿರ. ಅವರಿಗೆ ಬೆಳೆದ ಇಬ್ಬರು ಗಂಡುಮಕ್ಕಳು. ಮೊದಲ ಸಲ ಫೋನಿನಲ್ಲಿ ಹೇಳಿದಾಗ, “ನಾವೆಲ್ಲ ಗಟ್ಟಿಮುಟ್ಟಾಗಿದ್ದೇವಲ್ಲ, ಇಲ್ಲದ್ದನ್ನು ಯಾಕೆ ಕೆದಕುತ್ತೀಯ?” ಎಂದು ಮಾತು ಮುಗಿಸಿದರು. ಎರಡನೆಯ ಸಲ ಫೋನ್ ಎತ್ತಲಿಲ್ಲ. ಪತ್ರ ಬರೆದರೆ ಒಳ್ಳೆಯದೆಂದು ಸಲಹೆಗಾರ್ತಿಯೇ ಒಂದು ಒಕ್ಕಣೆ ಮಾಡಿಕೊಟ್ಟರು. ಅದರಲ್ಲಿ ನನ್ನ ರೋಗದ ಹೆಸರು, ಮಾಡಿಸಬೇಕಾದ ಪರೀಕ್ಷೆ, ಯಾರನ್ನು ಕಾಣಬೇಕೆಂಬುದು ಇತ್ತು. ಅದನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಅಮ್ಮನೊಂದಿಗೆ ನಾನೇ ಹೋದೆ. ಚಿಕ್ಕಮ್ಮ ಪತ್ರ ಓದಿ ಮಡಚಿಟ್ಟರು. ಅಮ್ಮ ಆಗ ಮಾತಾಡಿದ್ದು ಒಂದೇ: “ಅಣ್ಣನ ಕೋಣೆಯ ಅಲಾರಂ ಅವತ್ತು ಎಷ್ಟು ಹೊತ್ತು ಹೊಡೆದುಕೊಂಡಿತು ಎಂದು ನಿನಗೂ ನೆನಪಿದೆ.” ಚಿಕ್ಕಮ್ಮನಿಗೆ ನೆನಪಿತ್ತು. ಆಗ ಅವರಿಗೆ ಹದಿನಾರು ವರ್ಷ. ಆ ಸದ್ದು ಪಕ್ಕದ ಕೋಣೆಯಲ್ಲಿ ಅವರಿಗೂ ಕೇಳಿಸಿತ್ತು, ಅವರೂ ಎದ್ದು ಹೋಗಿರಲಿಲ್ಲ.

ಮರುವಾರ ಮೂವರೂ ಪರೀಕ್ಷೆ ಮಾಡಿಸಿದರು. ಚಿಕ್ಕಮ್ಮನಲ್ಲಿ ರೂಪಾಂತರ ಇತ್ತು, ಆದರೆ ಅವರ ಕ್ಯೂಟಿ 440, ಯಾವ ದೋಷವೂ ಇಲ್ಲ. ಹಿರಿಯ ಮಗನಲ್ಲಿ ರೂಪಾಂತರವೂ ಇತ್ತು, ಕ್ಯೂಟಿಯೂ 480 ದಾಟಿತ್ತು. ಕಿರಿಯವನಲ್ಲಿ ಎರಡೂ ಇಲ್ಲ.

ಚಿಕ್ಕಮ್ಮನ ಫಲಿತಾಂಶ ಲೆಕ್ಕ ಕೆಡಿಸಿತೆಂದೇ ನಾನು ತಿಳಿದೆ. ತಜ್ಞೆ ಹಾಗಲ್ಲ ಎಂದು ತಲೆಯಾಡಿಸಿದರು. ರೋಗಕಾರಕ ಜೀನ್ ಖಚಿತವಾಗಿ ಇರುವವರಲ್ಲೂ ಕಾಲು ಭಾಗದಷ್ಟು ಜನರ ಕ್ಯೂಟಿ ಸಾಮಾನ್ಯ ಮಿತಿಯೊಳಗೇ ಇರುತ್ತದೆ. ಒಂದೇ ಅಕ್ಷರ ಒಬ್ಬರನ್ನು ನೆಲಕ್ಕೆ ಕೆಡವುತ್ತದೆ, ಇನ್ನೊಬ್ಬರಿಗೆ ಇದೆಯೆಂದೂ ಗೊತ್ತಾಗದಂತೆ ಅರವತ್ತು ವರ್ಷ ಸಾಗಿಸುತ್ತದೆ. ಉಳಿದ ಜೀನ್‌ಗಳು, ವಯಸ್ಸು, ಹೆಣ್ಣಾಗಿರುವುದು ಅಥವಾ ಗಂಡಾಗಿರುವುದು, ನುಂಗಿದ ಔಷಧ, ಪೊಟ್ಯಾಸಿಯಂ ಇಳಿದದ್ದು, ಎಲ್ಲವೂ ಕೈಯಾಡಿಸುತ್ತವೆ. ಆದ್ದರಿಂದ ಚಿಕ್ಕಮ್ಮ ಪ್ರಯೋಗಾಲಯದ ತಕ್ಕಡಿಯಲ್ಲಿ ಎದುರು ಸಾಕ್ಷಿಯಾಗಲಿಲ್ಲ, ಪರವಾದ ಬಲವಾದ ಸಾಕ್ಷಿಯೂ ಆಗಲಿಲ್ಲ.

ಮತ್ತೆ ಕಾಯುವುದು. ಆ ದಿನಗಳಲ್ಲಿ ನಾನು ಈ ಜೀನಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇದಕ್ಕೆ ಹರ್ಗ್ ಎಂಬ ಇನ್ನೊಂದು ಹೆಸರಿದೆ. ಅದರ ಬೇರು ಹಣ್ಣಿನ ನೊಣದಲ್ಲಿದೆ. ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟಾಗ ಕಾಲುಗಳನ್ನು ಕುಣಿಸುವಂತೆ ಅದುರಿಸುತ್ತಿದ್ದ ನೊಣಗಳನ್ನು 1960ರ ದಶಕದ ಕೊನೆಯಲ್ಲಿ ಗುರುತಿಸಿ, ಆ ಕಾಲದ ಒಂದು ಕುಣಿತದ ಹೆಸರನ್ನೇ ಜೀನಿಗೆ ಇಟ್ಟಿದ್ದರು. ಅದರ ಬಂಧುವಾದ ಮನುಷ್ಯರ ಜೀನ್ 1994ರಲ್ಲಿ ಸಿಕ್ಕಿತು. ಮರುವರ್ಷ ಮಾರ್ಕ್ ಕೀಟಿಂಗ್ ಅವರ ತಂಡ, ಲಾಂಗ್ ಕ್ಯೂಟಿಯ ಮನೆತನಗಳಲ್ಲಿ ಕೆಟ್ಟಿರುವುದು ಇದೇ ಎಂದು ತೋರಿಸಿತು. ಏಳನೆಯ ವರ್ಣತಂತುವಿನ ತುದಿಯ ಹತ್ತಿರ ಅದು ಕೂತಿದೆ. ನೊಣದ ಕಾಲಿಗೂ ನನ್ನ ಸೋದರಮಾವನ ಕೋಣೆಗೂ ನಂಟಿದೆ ಎಂದು ತಿಳಿದಾಗ ಮೈ ಜುಮ್ಮೆಂದಿತು.

ಒಂದು ಪ್ರತಿ ಸರಿಯಿದ್ದರೂ ಯಾಕೆ ಸಾಲುವುದಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಒಂದು ಕಾಲುವೆ ಕಟ್ಟಲು ಈ ಪ್ರೋಟೀನಿನ ನಾಲ್ಕು ತುಂಡುಗಳು ಸೇರಬೇಕು. ಅರ್ಧದಷ್ಟು ತುಂಡುಗಳು ಕೆಟ್ಟಿದ್ದು, ಅವು ಒಳ್ಳೆಯವುಗಳ ಜೊತೆ ಬೆರೆತುಕೊಂಡರೆ, ನಾಲ್ಕೂ ತುಂಡು ಸರಿಯಿರುವ ಕಾಲುವೆ 16ರಲ್ಲಿ ಒಂದು ಮಾತ್ರ. ಒಂದೇ ಕೆಟ್ಟ ತುಂಡು ಇಡೀ ಕಾಲುವೆಯನ್ನು ಕೆಡಿಸುವಂಥ ರೂಪಾಂತರಗಳಲ್ಲಿ ಅದಕ್ಕೇ ಹಾನಿ ಅರ್ಧಕ್ಕೆ ನಿಲ್ಲುವುದಿಲ್ಲ. ಈ ಜೀನಿನ ಬಹುತೇಕ ದೋಷಗಳಲ್ಲಿ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಕೋಶದ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಹೊರಪೊರೆಯವರೆಗೆ ತಲುಪುವುದೇ ಇಲ್ಲ.

ಹರ್ಗ್ ಕಾಲುವೆಗೆ ಇನ್ನೊಂದು ದುರ್ಬಲತೆಯಿದೆ. ಅದರ ಒಳಬಾಯಿ ಅಗಲವಾಗಿರುವುದರಿಂದ ತೀರ ಬೇರೆಬೇರೆ ಔಷಧಗಳು ಅಲ್ಲಿ ಹೋಗಿ ಕೂತು ದಾರಿ ಕಟ್ಟುತ್ತವೆ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯೋಟಿಕ್‌ಗಳು, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಾಜೋಲ್, ಹೊಟ್ಟೆ ತೊಳಸುವಿಕೆಗೆ ಕೊಡುವ ಡಾಂಪೆರಿಡೋನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್, ಎಲ್ಲವೂ ನಾನು ದೂರವಿಡಬೇಕಾದ ಪಟ್ಟಿಯಲ್ಲಿವೆ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡೀನ್ ಇದೇ ಕಾರಣಕ್ಕೆ ಮಾರುಕಟ್ಟೆ ಬಿಟ್ಟುಹೋಯಿತು. ಈಗ ಹೊಸ ಔಷಧವೊಂದನ್ನು ಮನುಷ್ಯರಿಗೆ ಕೊಡುವ ಮುನ್ನ ಹರ್ಗ್ ಕಾಲುವೆಯನ್ನು ಕಟ್ಟುತ್ತದೆಯೇ ಎಂದು ನೋಡುವುದು ವಾಡಿಕೆಯಾಗಿದೆ. ನನ್ನ ಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಸಿ ಪರ್ಸಿನಲ್ಲಿಟ್ಟಿದ್ದೇನೆ. ಯಾವ ವೈದ್ಯರ ಬಳಿ ಹೋದರೂ, ನೆಗಡಿಗೇ ಆದರೂ, ಮೊದಲು ಅದನ್ನು ಮೇಜಿನ ಮೇಲೆ ಇಡುತ್ತೇನೆ. ವಾಂತಿಭೇದಿಯಾದರೆ ಪೊಟ್ಯಾಸಿಯಂ ಕುಸಿಯುವುದರಿಂದ ಮನೆಯಲ್ಲೇ ನೋಡೋಣ ಎನ್ನದೆ ಆಸ್ಪತ್ರೆಗೆ ಹೊರಡುತ್ತೇನೆ.

ಹದಿನಾಲ್ಕು ತಿಂಗಳಾದ ಮೇಲೆ ಸಲಹೆಗಾರ್ತಿ ಕರೆಸಿದರು. ನಮಗೆ ಸಂಬಂಧವೇ ಇಲ್ಲದ ಇನ್ನೊಂದು ಕುಟುಂಬದಲ್ಲಿ, ಇದೇ ರೋಗದ ಜೊತೆ ಇದೇ ಅಕ್ಷರ ಬದಲಾವಣೆ ಸಿಕ್ಕಿತ್ತು. ಜೊತೆಗೆ ಪ್ರಯೋಗಾಲಯವೊಂದು ಈ ರೂಪಾಂತರವನ್ನು ಜೀವಕೋಶಗಳಲ್ಲಿ ಇಟ್ಟು, ಕಾಲುವೆಗಳ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದಿತ್ತು. ಸರಿಯಾದ ಪ್ರತಿಯ ಮುಂದೆ ಅದು ಬಹಳ ಕುಗ್ಗಿತ್ತು. ನಮ್ಮ ಮನೆತನದ ಇಸಿಜಿಗಳು, ಆ ಕುಟುಂಬ, ಈ ಅಳತೆ, ಮೂರನ್ನೂ ಒಟ್ಟಿಗಿಟ್ಟು ವರದಿ ಒಂದು ಮೆಟ್ಟಿಲು ಏರಿತ್ತು: ರೋಗಕಾರಕವಿರುವ ಸಂಭವ. ತಿಂಗಳುಗಟ್ಟಲೆ ನಾನು ಬೇಡಿಕೊಂಡದ್ದು ಈ ಮಾತಿಗಾಗಿಯೇ. ಅದು ಕೈಗೆ ಬಂದಾಗ ಮಾತ್ರ, ಇನ್ನು ಮಗಳ ರಕ್ತ ತೆಗೆಯಲೇಬೇಕು ಎಂಬುದೊಂದೇ ತಲೆಯಲ್ಲಿ ನಿಂತಿತು.

ಅವಳಿಗೆ ಎಂಟು ವರ್ಷವಾಗಿತ್ತು. ಸೂಜಿ ಚುಚ್ಚುವಾಗ ಅಳಲಿಲ್ಲ. ಮುಚ್ಚಳ ನೇರಳೆ ಯಾಕೆ ಎಂದು ನರ್ಸ್ ಅವರನ್ನು ಕೇಳಿದಳು. ಈ ಸಲ ಇಡೀ ಜೀನನ್ನು ಜಾಲಾಡುವ ಅಗತ್ಯವಿರಲಿಲ್ಲ, ಆ ಒಂದು ಅಕ್ಷರವನ್ನು ನೋಡಿದರೆ ಸಾಕಿತ್ತು, ಹಾಗಾಗಿ ಬೇಗ ಬಂತು. ಇದೆ. ಅವಳ ಕ್ಯೂಟಿ 455. ಟಿ ಅಲೆಯಲ್ಲಿ ಕಚ್ಚು ಇನ್ನೂ ಕಾಣುತ್ತಿಲ್ಲ.

ಆ ರಾತ್ರಿ ನನ್ನ ಗಂಡ ಮತ್ತು ನಾನು ಬಹಳ ಹೊತ್ತು ಮಾತಾಡದೆ ಕೂತಿದ್ದೆವು. ನಾನು ಕೊಟ್ಟದ್ದಲ್ಲವೇ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಮ್ಮ ಅದೇ ಮಾತನ್ನು ನನ್ನ ಮುಂದೆ ಆಡಿದ್ದಾಗ ನಾನು ಅವರನ್ನು ತಡೆದಿದ್ದೆ. ನಾಡೋಲಾಲ್ ಅವಳಿಗೂ ಶುರುವಾಯಿತು, ತೂಕಕ್ಕೆ ತಕ್ಕ ಪ್ರಮಾಣದಲ್ಲಿ. ಕ್ಯೂಟಿ ಹೆಚ್ಚು ಉದ್ದವಿಲ್ಲದಿದ್ದರೂ ಜೀನ್ ಇರುವ ಮಕ್ಕಳಿಗೆ ಕೊಡುವುದು ಒಳ್ಳೆಯದೆಂದು ತಜ್ಞೆ ಹೇಳಿದರು. ಒಂದು ದಿನವೂ ತಪ್ಪುವಂತಿಲ್ಲ, ಥಟ್ಟನೆ ನಿಲ್ಲಿಸುವಂತಿಲ್ಲ. ಅವಳ ಶಾಲೆಯ ಶಿಕ್ಷಕಿಗೆ ನಾನೇ ಕೂತು ವಿವರಿಸಿದೆ: ಬಿದ್ದರೆ ಮೂರ್ಛೆಯೆಂದು ಕಾಯಬೇಡಿ, ಉಸಿರಿಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರುಮಾಡಿ, ಶಾಕ್ ಕೊಡುವ ಯಂತ್ರ ತರಿಸಿ. ಶಿಕ್ಷಕಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು, ತನಗೆ ಎದೆ ಒತ್ತುವುದನ್ನು ಕಲಿಸುವವರು ಯಾರಿದ್ದಾರೆ ಎಂದು ಕೇಳಿದರು.

ನಮ್ಮ ಮನೆಯಲ್ಲಿ ಈಗ ಅಲಾರಂ ಇಲ್ಲ. ಬೆಳಿಗ್ಗೆ ಮೊದಲು ಎಚ್ಚರವಾಗುವವರು ನನ್ನ ಗಂಡ. ಮಗಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾರೆ. ಮಲಗುವ ಕೋಣೆಗೆ ಫೋನ್ ಬರುವುದಿಲ್ಲ. ಬಾಗಿಲ ಗಂಟೆಯ ತಂತಿ ಬಿಚ್ಚಿದ್ದೇವೆ.

ಕಳೆದ ವಾರ ಸಲಹೆಗಾರ್ತಿ ಅದೇ ದೊಡ್ಡ ಹಾಳೆಯನ್ನು ಮತ್ತೆ ಹರಡಿದರು. ಮಗಳ ವೃತ್ತವನ್ನು ಅರ್ಧ ತುಂಬಿದರು. ಅಮ್ಮನ ಚಿಕ್ಕಪ್ಪನ ಕಡೆಯ ಕೊಂಬೆ ಇನ್ನೂ ಖಾಲಿಯಿದೆ. ಅಲ್ಲಿ ಐದು ಜನರಿದ್ದಾರೆ, ಇಬ್ಬರನ್ನು ನಾನು ನೋಡಿಯೂ ಇಲ್ಲ. ರೂಪಾಂತರ ಅಜ್ಜನಿಂದ ಬಂತೋ ಅಜ್ಜಿಯಿಂದ ಬಂತೋ ಗೊತ್ತಿಲ್ಲದ ಕಾರಣ ಅವರಿಗೂ ತಿಳಿಸಬೇಕು. ಅಮ್ಮ ಹಳೆಯ ವಿಳಾಸ ಪುಸ್ತಕದಿಂದ ನಂಬರುಗಳನ್ನು ಹುಡುಕಿ ಕೊಟ್ಟಿದ್ದಾರೆ. ಮೊದಲನೆಯವರಿಗೆ ನಿನ್ನೆ ಸಂದೇಶ ಕಳುಹಿಸಿದೆ: ನಾನು ಇಂಥವರ ಮಗಳು, ಆರೋಗ್ಯದ ಒಂದು ಮುಖ್ಯ ಸಂಗತಿ ಹೇಳಬೇಕಿದೆ, ನಾಳೆ ಸಂಜೆ ಆರಕ್ಕೆ ಕರೆ ಮಾಡುತ್ತೇನೆ, ದಯವಿಟ್ಟು ಫೋನನ್ನು ಸದ್ದಿಲ್ಲದಂತೆ ಮಾಡಿ ಕೈಯಲ್ಲೇ ಇಟ್ಟುಕೊಂಡಿರಿ.